ಹಾಲ್ವರನ ಕರಿಯುಂಗುರ

ಹಾಕಿಕೊಳ್ಳುವಾಗ ಬೆಣ್ಣೆಯಂತೆ ಜಾರಿದ ಉಂಗುರ, ತೆಗೆಯಹೋದರೆ ರಜೆಗೆ ಬಂದ ನೆಂಟನಂತೆ ಕದಲಲೊಲ್ಲದು. ಚರ್ಚಿನ ನೆಲಮಾಳಿಗೆಯ ಮೆಟ್ಟಿಲಲ್ಲಿ ನಿಂತು ಹಾಲ್ವರ್ ಎಳೆದ, ತಿರುಚಿದ, ಉಗುಳು ಹಚ್ಚಿದ. ನಡುಬೆರಳು ಊದಿತೇ ಹೊರತು ಕರಿಯುಂಗುರ ಮಿಸುಕಲಿಲ್ಲ.

ಹೆಣ್ಣಿನ ಮೇಲಾಗಲಿ ಗಂಡಿನ ಮೇಲಾಗಲಿ ಮೈಯ ಬಯಕೆ ಹುಟ್ಟದವರು ತಮ್ಮವರ ಗುರುತಿಗೆಂದು ಬಲಗೈಗೆ ತೊಡುವ ಉಂಗುರ ಅದು. ‘ಇಂದು ಹೇಳಿಯೇ ಬಿಡುತ್ತೇನೆ’ ಎಂದು ಬೆಳಿಗ್ಗೆ ದೇವರಿಗೆ ಮಾತು ಕೊಟ್ಟಿದ್ದ. ಆದರೆ ಮಿನೆಸೋಟದ ಆ ಪುಟ್ಟ ಊರಿನಲ್ಲಿ ಒಂಟಿ ಮನುಷ್ಯನಿಗೆ ತನ್ನವರೆಂಬವರಿದ್ದದ್ದು ಚರ್ಚಿನ ಭಾನುವಾರದ ಈ ಊಟದ ಪಂಕ್ತಿಯಲ್ಲಿ ಮಾತ್ರ. ಹೇಳಿದ ಮೇಲೂ ಇಲ್ಲಿ ತನಗೊಂದು ತಟ್ಟೆ ಉಳಿದೀತೇ? ಒಳಹೊಕ್ಕವನೇ ಅಡುಗೆಮನೆಯಲ್ಲಿ ಬಿಸಿಪಾತ್ರೆ ಹಿಡಿಯುವ ದಪ್ಪ ಕೈಗವಸನ್ನು ಬಲಗೈಗೆ ತೊಟ್ಟ.

“ಏನೋ ಹಾಲ್ವರ್, ಜೆಲ್ಲಿ ತಿನ್ನೋಕೂ ಗವಸಾ? ಸುಡುತ್ತೇನೋ?” ಎಂದಳು ಆರ್ಡಿಸ್. ನೆಂಟಳಲ್ಲದಿದ್ದರೂ ನೆರೆಮನೆಯಿಂದ ಬಂದು ಅವನ ತೊಟ್ಟಿಲು ತೂಗಿದವಳು; ಇಪ್ಪತ್ತು ವರ್ಷದಿಂದ ಯಾವಳಾದರೂ ಒಬ್ಬಳನ್ನು ಕರೆತಂದು ಅವನ ಪಕ್ಕ ಕೂರಿಸುತ್ತ ಬಂದವಳು.

“ಚಳಿ, ಚಿಕ್ಕಮ್ಮ.”

“ಜುಲೈ ತಿಂಗಳಲ್ಲಿ!”

ಅಷ್ಟರಲ್ಲಿ ಪಾದ್ರಿಗಳು ಬಂದು ಕೈಕುಲುಕಿದರು. ಗವಸು ಅವರ ಕೈಯಲ್ಲೇ ಉಳಿಯಿತು.

“ಕಪ್ಪುಂಗುರ! ಅಯ್ಯೋ, ಯಾರು ತೀರಿಕೊಂಡ್ರಪ್ಪಾ?” ಎಂದರು ಪಾದ್ರಿಗಳು.

“ತೀರಿಕೊಳ್ಳೋದೇನು ಬಂತು? ಗುಟ್ಟಾಗಿ ನಿಶ್ಚಿತಾರ್ಥ!” ಪಕ್ಕದ ಮೇಜಿನ ವೆರ್ನಾ ಕಿರುಚಿದಳು. “ಹುಡುಗಿ ಯಾರೋ, ಕಳ್ಳಾ?”

ಎಲ್ಲರೂ ಚಮಚದಿಂದ ಮೇಜು ಬಡಿಯತೊಡಗಿದರು. ಹಾಲ್ವರ್ ಅದಕ್ಕಿಂತ ಜೋರಾಗಿ ಕೂಗಿದ.

“ಹುಡುಗಿ ಇಲ್ಲ! ಹುಡುಗನೂ ಇಲ್ಲ! ನನಗೆ ಆ ಆಸೆನೇ ಹುಟ್ಟಲ್ಲ. ಕಾಯಿಲೆ ಅಲ್ಲ, ವ್ರತ ಅಲ್ಲ, ದೇವರು ಮಾಡಿದ್ದೇ ಹೀಗೆ. ಅಸೆಕ್ಷುವಲ್ ಅಂತಾರೆ!”

ಚಮಚಗಳು ನಿಂತವು.

“ಇಷ್ಟೇನಾ?” ಆರ್ಡಿಸ್ ಕಣ್ಣೊರೆಸಿಕೊಂಡಳು. “ನಮ್ಮ ಬೋರ್ಗಿಲ್ಡ್ ಅತ್ತೇನೂ ಹೀಗೇ ಇದ್ದಳು ಕಣೋ. ಅದಕ್ಕೊಂದು ಹೆಸರಿದೆ ಅಂತ ನಿನ್ನೆ ತಾನೇ ನನಗೆ ಗೊತ್ತಾಯ್ತು. ಹಿಡಿ ತಟ್ಟೆ!”

ತಟ್ಟೆಯಲ್ಲಿ ಆಲೂಗಡ್ಡೆ-ಮಾಂಸದ ಗುಡ್ಡವೆದ್ದಿತು. ಪಾದ್ರಿಗಳು ಬೆನ್ನು ತಟ್ಟಿದರು. ಹಾಲ್ವರ್ ಇಪ್ಪತ್ತು ವರ್ಷ ಬಿಗಿಹಿಡಿದಿದ್ದ ಉಸಿರು ಬಿಟ್ಟ.

“ಮೊದಲೇ ಹೇಳಬಾರದಿತ್ತಾ? ಇಷ್ಟು ವರ್ಷ ಬರೀ ತಪ್ಪು ಹುಡುಗೀರನ್ನೇ ತಂದೆನಲ್ಲೋ!” ಎಂದ ಆರ್ಡಿಸ್ ಅಡುಗೆಮನೆಯತ್ತ ತಿರುಗಿದಳು. “ಸಿಗ್ನೆ, ಬಾರೇ ಇಲ್ಲಿ! ನನ್ನ ತಂಗಿ ಮಗಳಪ್ಪ, ಇವಳೂ ನಿನ್ನ ಹಾಗೇ.”

ಬಂದವಳ ಬಲಗೈಗೂ ದಪ್ಪ ಕೈಗವಸು. ಹಾಲ್ವರನ ಪಕ್ಕ ಅವಳನ್ನು ಒತ್ತಿ ಕೂರಿಸಿದರು.

“ನಿನ್ನೆ ದೊಡ್ಡಮ್ಮನಿಗೆ ಹೇಳಿದ್ದೇ ತಪ್ಪಾಯ್ತು,” ಎಂದು ಪಿಸುಗುಟ್ಟಿದಳು ಸಿಗ್ನೆ. “ಹಿಂಬಾಗಿಲು ಎಲ್ಲಿದೆ?”

“ಉಗ್ರಾಣದ ಪಕ್ಕ. ನಾನೂ ಬರ್ತೀನಿ.”

ಮರುಗಳಿಗೆ ನೆಲಮಾಳಿಗೆಯ ಎತ್ತರದ ಕಿಟಕಿಯಾಚೆ ನಾಲ್ಕು ಕಾಲುಗಳು ಜೊತೆಜೊತೆಯಾಗಿ ಓಡುವುದು ಕಂಡಿತು.

“ನೋಡ್ರೇ, ನೋಡ್ರೇ!” ಆರ್ಡಿಸ್ ಹಿಗ್ಗಿ ಹೀರೇಕಾಯಿಯಾದಳು. “ಊಟ ಮುಗಿಯೋತನಕ ತಡೆಯೋಕಾಗಲಿಲ್ಲ ಇವಕ್ಕೆ! ಪಾದ್ರಿಗಳೇ, ಒಂದು ಒಳ್ಳೇ ದಿನ ನೋಡಿ!”