ಪೂಜೆಗೆ ಕೂತ ಇಂಗ್ಲಿಷು

ಖಂಡೇನವಮಿಯ ಬೆಳಿಗ್ಗೆ ಜಗದೇವಪ್ಪ ಸ್ನಾನ ಮುಗಿಸಿ ಬರುವಷ್ಟರಲ್ಲಿ ಅವನ ಇಂಗ್ಲಿಷ್ ಪುಸ್ತಕ ದೇವರ ಜಗಲಿ ಏರಿತ್ತು. ಪತ್ರಾವಳಿಯ ಮಣ್ಣಿನಲ್ಲಿ ಒಂಬತ್ತು ದಿನ ನೀರು ಕುಡಿದು ಬೆಳೆದ ನವರಾತ್ರಿ ಘಟದ ಗೋಧಿ ಸಸಿಗಳ ಪಕ್ಕ, ಕುಡಗೋಲು, ಕೊಡಲಿಗಳ ಜೊತೆ ವಿಭೂತಿ ಬಳಿದುಕೊಂಡು ಕೂತಿತ್ತು.

"ಅದನ್ಯಾಕ ಇಟ್ಟಿ? ನಾಡಿದ್ದ ಪರೀಕ್ಷಾ ಅದ!"

"ಪರೀಕ್ಷಾ ಅದ ಅಂತನೇ ಇಟ್ಟೀನ್ರಿ," ಎಂದಳು ಹೆಂಡತಿ ಶಿವಕಾಂತಾ. "ನಾಳಿ ಮುಂಜಾನಿ ತನಕ ಮುಟ್ಟಬ್ಯಾಡ್ರಿ. ಪೂಜಾಕ್ಕ ಕೂತ ಪುಸ್ತಕ ಓದಿದ್ರ ಇದ್ದ ವಿದ್ಯಾನೂ ಹೋಗ್ತದ."

ಹೋಗಲು ವಿದ್ಯೆ ಎಲ್ಲಿತ್ತು? ಮಾದನಹಿಪ್ಪರಗಾ ಪಂಚಾಯಿತಿಯ ಜವಾನನಾದ ಅವನಿಗೆ ನಲವತ್ತು ತುಂಬಿತ್ತು. ಎಸ್ಸೆಸ್ಸೆಲ್ಸಿಯ ಉಳಿದ ವಿಷಯಗಳೆಲ್ಲ ಹೇಗೋ ದಡ ಸೇರಿದ್ದವು. ಇಂಗ್ಲಿಷು ಐದು ಸಲ ಕೈಕೊಟ್ಟಿತ್ತು. ಡಿಸೆಂಬರಿಗೆ ಗುಮಾಸ್ತ ಬಸವಂತರಾಯರು ನಿವೃತ್ತರಾಗುತ್ತಾರೆ. ಈ ಅಕ್ಟೋಬರಿನಲ್ಲಿ ಪಾಸಾದರೆ ಆ ಕುರ್ಚಿ ಅವನದು, ಇಲ್ಲದಿದ್ದರೆ ಹೊಸಬನಿಗೂ ಅವನೇ ಚಹಾ ತರಬೇಕು. ಹದಿನೆಂಟು ವರ್ಷ ಚಹಾ ತಂದು ಅವನಿಗೆ ಸಾಕುಸಾಕಾಗಿತ್ತು.

ಗಡಿಯಾರ ರಿಪೇರಿ ಮಾಡುವ ಮುದುಕನ ಮೇಲೊಂದು ಪದ್ಯವಿತ್ತು. ಈ ಸಲ ಅದರ ಸಾರಾಂಶ ಬಂದೇ ಬರುತ್ತದೆಂದು ಊರೆಲ್ಲ ಹೇಳುತ್ತಿತ್ತು. ಅವನಿಗೋ ಮೂರನೆಯ ಸಾಲಿನ ಮುಂದೆ ಕತ್ತಲೆ.

ದೌಲತರಾಯ ಮಾಸ್ತರರ ಮನೆಗೆ ಓಡಿದ. ಅಲ್ಲಿ ಅಟ್ಲಾಸು, ಹಾಜರಿ ಪುಸ್ತಕ, ಬೆತ್ತ ಎಲ್ಲವೂ ಹೂ ಮುಡಿದು ಕೂತಿದ್ದವು.

"ಇವತ್ತ ಪುಸ್ತಕ ಮುಟ್ಟಾಂಗಿಲ್ಲೋ ಜಗದೇವಾ. ಬಾಯಿಲೇ ಹೇಳ್ತೇನಿ, ಕೂಡು," ಎಂದು ಮಾಸ್ತರರು ನಿಜಾಮರ ಕಾಲದಲ್ಲಿ ತಾವು ಇಂಗ್ಲಿಷ್ ಪಾಸಾದದ್ದನ್ನು ಮಧ್ಯಾಹ್ನದವರೆಗೆ ಹೇಳಿದರು. ಗಡಿಯಾರದ ಮುದುಕ ಒಮ್ಮೆಯೂ ಬರಲಿಲ್ಲ.

ದಾರಿಯಲ್ಲಿ ಬಸವಂತರಾಯರು ಹಿಡಿದರು. "ಪುಸ್ತಕ ಪೂಜಾಕ್ಕ ಕೂತಾವೇನು? ಅಂದ್ರ ಖಾಲಿನೇ ಅದಿ! ಬಾ, ಆಫೀಸಿನ ಕಪಾಟಿಗೆ ಬಾಳಿಕಂಬ ಕಟ್ಟು."

ಕಟ್ಟಿ ಮುಗಿಸುವಾಗ ಹೊತ್ತು ಇಳಿದಿತ್ತು. ಆಗ ಹೊಳೆಯಿತು: ಎದುರು ಮನೆಯ ಅಜೀಜಾಬಿಯ ಮಗ ಶರಫುದ್ದೀನ ಮಾರ್ಚಿನಲ್ಲೇ ಪಾಸಾಗಿದ್ದಾನೆ. ಅವರ ಮನೆಯಲ್ಲಿ ಪೂಜೆಯೂ ಇಲ್ಲ!

"ಅಯ್ಯ ಭಾಯಿ," ಅಜೀಜಾಬಿ ಗಲ್ಲಕ್ಕೆ ಕೈ ಹಚ್ಚಿದಳು. "ಅವನ ಗೈಡು ಮುಂಜಾನೇನೇ ನಿಮ್ಮ ಶಿವಕಾಂತಾ ಒಯ್ದಾಳಲ್ಲ! ಪಾಸಾದವರ ಪುಸ್ತಕ ಜೋಡಿಗಿದ್ರ ದೇವಿ ಲಗೂ ಕೇಳ್ತಾಳಂತ."

ಜಗದೇವಪ್ಪ ಮನೆಗೆ ಬಂದು ಜಗಲಿಯ ಮುಂದೆ ಕುಕ್ಕರುಗಾಲಲ್ಲಿ ಕೂತ. ಈಗ ಎರಡು ಪುಸ್ತಕಗಳಿದ್ದವು. ಅಳು ಬಂತು, ಅಳಲೂ ತ್ರಾಣವಿರಲಿಲ್ಲ.

ದಸರೆಯ ಬೆಳಿಗ್ಗೆ ಶಿವಕಾಂತಾ ಪುಸ್ತಕ ಇಳಿಸಿಕೊಟ್ಟಳು. ಹಸಿದವನು ರೊಟ್ಟಿಗೆ ಬಿದ್ದಂತೆ ಅವನು ಪದ್ಯಕ್ಕೆ ಬಿದ್ದ. ಏನು ಆಶ್ಚರ್ಯವೋ, ಒಂಬತ್ತು ಗಂಟೆಗೆಲ್ಲ ಮುದುಕ, ಅವನ ಗಡಿಯಾರ, ಸಾರಾಂಶ, ಎಲ್ಲ ಬಾಯಿಪಾಠ! ಐದು ವರ್ಷದಲ್ಲಿ ಮೊದಲ ಸಲ ಅವನು ಪುಸ್ತಕ ಮುಚ್ಚಿ ನಕ್ಕ.

"ದೇವಿ ಕಣ್ಣ ತೆರದಾಳ. ಹತ್ತು ದಿನದ ಹಿಂದ ಜ್ವಾಕಿಯಿಂದ ಇಡು ಅಂತ ಹಾಲ್ ಟಿಕೆಟ್ ಕೊಟ್ಟಿದ್ದೆ ನೋಡು, ತಾ. ನಾಳಿನ ಪರೀಕ್ಷಾಕ್ಕ ಸಂಜಿ ಬಸ್ಸಿಗೇ ಆಳಂದಕ್ಕ ಹೋಗ್ತೇನಿ."

ಶಿವಕಾಂತಾ ಸಂಭ್ರಮದಿಂದ ಘಟ ಎತ್ತಿಟ್ಟಳು. "ಇದರ ಬುಡಕ್ಕೇ ಇಟ್ಟೀನ್ರಿ, ಮಣ್ಣಿನ ಕೆಳಗ. ಸಸಿ ಬೆಳದಾಂಗ ಮಾರ್ಕೂ ಬೆಳೀಲಿ ಅಂತ."

ಸಸಿ ಬೆಳೆದಿದ್ದ ಮಣ್ಣಿನ ಪತ್ರಾವಳಿ ಎತ್ತಿದಳು. ಒಂಬತ್ತು ದಿನದ ನೀರಿಗೆ ಕಾಗದ ಅಂಬಲಿಯಾಗಿತ್ತು. ನಂಬರು, ಮೊಹರು ಎಲ್ಲ ಮಣ್ಣು. ಫೋಟೋ ಮಾತ್ರ ಒಂದಿಷ್ಟು ಉಳಿದಿತ್ತು. ಮೀಸೆಯ ಜಾಗದಲ್ಲಿ ಗೋಧಿ ಚೆನ್ನಾಗಿ ಬೇರು ಬಿಟ್ಟಿತ್ತು.

ಮಾಸ್ತರರನ್ನು ಕೇಳಿದ್ದಾಯಿತು. "ಇನ್ನೊಂದು ಪ್ರತಿ ಕಲಬುರಗಿ ಆಫೀಸಿನಾಗ ಕೊಡ್ತಾರೋ. ಇವತ್ತ ಹಬ್ಬದ ಸೂಟಿ," ಎಂದರು.

ಸಂಜೆ ಶಿವಕಾಂತಾ ಕಣ್ಣೊರೆಸಿಕೊಳ್ಳುತ್ತ, ಬಿಡಲಾಗದ ಪದ್ಧತಿಯಂತೆ ಆ ಸಸಿಗಳನ್ನೇ ಚಿವುಟಿ ಅವನ ಟೊಪ್ಪಿಗೆಗೆ ಸಿಕ್ಕಿಸಿದಳು. "ಚಿಂತಿ ಮಾಡಬ್ಯಾಡ್ರಿ. ಮಾರ್ಚಿನ ಪರೀಕ್ಷಾಕ್ಕ ಘಟ ಇರಾಂಗಿಲ್ಲ."

"ಬಸವಂತರಾಯರೂ ಇರಾಂಗಿಲ್ಲ," ಎಂದ ಜಗದೇವಪ್ಪ.

ಅಷ್ಟರಲ್ಲಿ ಅವರೇ ಬನ್ನಿ ಹಿಡಿದು ಬಾಗಿಲಿಗೆ ಬಂದರು. ಟೊಪ್ಪಿಗೆ ನೋಡಿ ಕಣ್ಣರಳಿಸಿದರು. "ಆಹಾ, ಏನ್ ಭಾರಿ ಬೆಳದದಲೇ ನಿಮ್ಮ ಸಸಿ! ಬನ್ನಿ ತಗೋ, ಬಂಗಾರದಾಂಗ ಇರು. ನಾಳಿ ನೀ ಇರಾಂಗಿಲ್ಲಲ್ಲ, ಚಹಾಕ್ಕ ಏನ್ ಮಾಡೋದಂತ ಚಿಂತಿ ಹತ್ತ್ಯದ ನೋಡು."

ಜಗದೇವಪ್ಪ ಬನ್ನಿ ತೆಗೆದುಕೊಂಡು ಅವರ ಕಾಲಿಗೆರಗಿದ.

"ಇರ್ತೇನ್ರಿ," ಎಂದ.