ಮೇಷ್ಟ್ರ ಮೀಸೆಯೂ ಬೀಸುವ ಆಟವೂ

ಕೂತು ಆಡುವುದನ್ನು ಆಟ ಎಂದು ಕರೆಯುವವರನ್ನು ಹೊಳೆನರಸೀಪುರದ ನಿವೃತ್ತ ಡ್ರಿಲ್ ಮೇಷ್ಟ್ರು ನಂಜುಂಡಯ್ಯನವರು ಮನುಷ್ಯರ ಲೆಕ್ಕಕ್ಕೇ ಸೇರಿಸುತ್ತಿರಲಿಲ್ಲ. ಅವರ ಶಾಸ್ತ್ರದ ಪ್ರಕಾರ ಮಂಡಿ ತರಚದಿದ್ದರೆ ಆಟವಲ್ಲ, ಬೆವರು ಸುರಿಯದಿದ್ದರೆ ಆಟವಲ್ಲ, ಮನೆಗೆ ಹೋದ ಮೇಲೆ ಅಪ್ಪನ ಕೈಲಿ ಒದೆ ಬೀಳದಿದ್ದರಂತೂ ಖಂಡಿತ ಆಟವಲ್ಲ. ಚದುರಂಗ ಕೂತಲ್ಲೇ ಬೇರು ಬಿಡುವ ವಿದ್ಯೆ. ಕೇರಂನವರಿಗೆ ಸ್ವಲ್ಪ ರಿಯಾಯಿತಿ ಇತ್ತು, ಒಂದು ಬೆರಳನ್ನಾದರೂ ಅಲ್ಲಾಡಿಸುತ್ತಾರಲ್ಲ ಎಂದು. ಇನ್ನು ಟೀವಿಗೆ ಡಬ್ಬಿ ಸಿಕ್ಕಿಸಿ ಗುಂಡಿ ಒತ್ತುವ ಜನ ಕಣ್ಣಿಗೆ ಬಿದ್ದರೆ ಮೇಷ್ಟ್ರು ಎದ್ದು ಹೋಗಿ ಥೂ ಎಂದು ಉಗುಳಿ ಬರುತ್ತಿದ್ದರು. (ಹಿತ್ತಲಿಗೆ ಹೋಗಿ. ನಡುಮನೆಯಲ್ಲಿ ಉಗುಳಿದರೆ ಹೆಂಡತಿ ಗೋದಮ್ಮ ಅದೇ ನೆಲವನ್ನು ಅವರ ಕೈಲೇ ಒರೆಸಿಸುವವರು.)

ಇಂಥ ಮನೆಗೆ ೨೦೦೭ರ ಡಿಸೆಂಬರಿನ ಒಂದು ಭಾನುವಾರ ಬೆಳಿಗ್ಗೆ ಮೇಷ್ಟ್ರ ತಂಗಿಯ ಮಗ ಕೇದಾರ್ ಒಂದು ಬಿಳಿ ಡಬ್ಬಿಯನ್ನು ಬಗಲಲ್ಲಿಟ್ಟುಕೊಂಡು ಬಂದ. ಕೇದಾರನಿಗೆ ಹಾಸನದಲ್ಲಿ ಟೀವಿ, ಮಿಕ್ಸಿ ಮಾರುವ ಅಂಗಡಿ. ನಾಲಿಗೆ ಚೆನ್ನಾಗಿತ್ತು, ವ್ಯಾಪಾರ ಅಷ್ಟಕ್ಕಷ್ಟೆ.

"ಮಾವ, ಬೈಬೇಡಿ, ಮೊದಲು ಕೇಳಿ. ಇದು ಗುಂಡಿ ಒತ್ತೋ ಆಟ ಅಲ್ಲ, ಬೀಸೋ ಆಟ. ಈ ರಿಮೋಟ್ ಕೈಲಿ ಹಿಡ್ಕೊಂಡು ನೀವು ಕೈ ಬೀಸಿದ್ರೆ ಟೀವಿಯೊಳಗಿರೋ ಬೊಂಬೆನೂ ಹಾಗೇ ಬೀಸುತ್ತೆ. ಬ್ಯಾಟು ಅಂದ್ರೆ ಬ್ಯಾಟು, ಬಾಲು ಅಂದ್ರೆ ಬಾಲು. ಐದು ನಿಮಿಷ ಆಡಿದ್ರೆ ನೀವು ಆಟದೊಳಕ್ಕೇ ಹೋಗಿಬಿಡ್ತೀರ!"

"ಹೋಗಿ?" ಎಂದರು ಮೇಷ್ಟ್ರು.

"ಅಂದ್ರೆ?"

"ಒಳಗೆ ಹೋಗಿ ಏನು ಮಾಡ್ಬೇಕು? ಅಲ್ಲೇನು ಊಟ ಹಾಕ್ತಾರೋ? ಲೋ ಕೇದಾರ, ಚಂಡಿಲ್ಲ, ದಾಂಡಿಲ್ಲ, ಮೈದಾನ ಇಲ್ಲ. ಗಾಳಿಲಿ ಕೈ ಬೀಸೋದಕ್ಕೆ ನಾನೇನು ಸೊಳ್ಳೆ ಓಡಿಸ್ಬೇಕೇನೋ?"

ಕೇದಾರ ಜಗ್ಗಲಿಲ್ಲ. ಪೆಟ್ಟಿಗೆಯನ್ನು ಟೀವಿಗೆ ಜೋಡಿಸಿದ. ಆಟಗಾರನ ಬೊಂಬೆಯನ್ನು ನಮಗೆ ಬೇಕಾದ ಹಾಗೆ ಮಾಡಿಕೊಳ್ಳಬಹುದು ಎಂದು ತೋರಿಸುತ್ತಾ, ಬೋಳುತಲೆ, ದಪ್ಪ ಮೂಗು ಆರಿಸಿ, ಮೂಗಿನ ಕೆಳಗೆ ಒಂದು ಭರ್ಜರಿ ಹುರಿ ಮೀಸೆ ಅಂಟಿಸಿದ. ಬೊಂಬೆ ಸೊಂಟದ ಮೇಲೆ ಕೈಯಿಟ್ಟು ಮೇಷ್ಟ್ರನ್ನೇ ದಿಟ್ಟಿಸಿತು. ಮೇಷ್ಟ್ರ ಕೈ ತಾನಾಗಿ ತಮ್ಮ ಮೀಸೆಗೆ ಹೋಯಿತು.

"ಮೀಸೆ ಒಂದು ಪರವಾಗಿಲ್ಲ. ಮಿಕ್ಕಿದ್ದೆಲ್ಲ ದರಿದ್ರ."

ಆ ಮೀಸೆಯ ವಿಚಾರವನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಅದು ಬರೀ ಕೂದಲಲ್ಲ, ಬಿರುದು. ೧೯೭೪ರಲ್ಲಿ ಹೈಸ್ಕೂಲು ಮೈದಾನದಲ್ಲಿ ಹೊಳೆನರಸೀಪುರಕ್ಕೂ ಅರಕಲಗೂಡಿಗೂ ಮ್ಯಾಚು ನಡೆಯಿತು. ಆ ಕಡೆಯ ಕ್ಯಾಪ್ಟನ್ ಕೃಷ್ಣಪ್ಪ, ಹೊಗೆಸೊಪ್ಪು ಬೆಳೆಯುವವರ ಮನೆಯ ಗಟ್ಟಿ ಆಳು. ಅವನಿಗೂ ಮೀಸೆಯಿತ್ತು, ಈ ಕಡೆಯ ನಂಜುಂಡಯ್ಯನಿಗೂ ಇತ್ತು. ಟಾಸಿನ ಹೊತ್ತಿಗೆ ಮಾತಿಗೆ ಮಾತು ಬೆಳೆದು, ಸೋತವನು ಮೀಸೆ ಬೋಳಿಸಬೇಕು, ಬದುಕಿರುವತನಕ ಮತ್ತೆ ಬಿಡಬಾರದು ಎಂದು ಇಬ್ಬರೂ ಹತ್ತು ಜನರ ಮುಂದೆ ಪಂಥ ಕಟ್ಟಿದರು. ಕೊನೆಯ ಬಾಲಿಗೆ ಅರಕಲಗೂಡಿಗೆ ಎರಡೇ ರನ್ನು ಬೇಕಿತ್ತು. ನಂಜುಂಡಯ್ಯ ಓಡಿಬಂದು ಹಾಕಿದ ಬಾಲಿಗೆ ಕೃಷ್ಣಪ್ಪನ ನಡುವಿನ ವಿಕೆಟ್ಟು ಕಿತ್ತು ಹೋಯಿತು.

ಕೃಷ್ಣಪ್ಪ ಮಾತಿನವನು. ಅಂದೇ ಸಂಜೆ ಬೋಳಿಸಿದ, ಮತ್ತೆ ಬಿಡಲಿಲ್ಲ. ಅವನ ಮದುವೆಯ ಫೋಟೋದಲ್ಲೂ ಮೀಸೆಯಿಲ್ಲ. ಮುಂದೆ ಇಬ್ಬರೂ ಸ್ನೇಹಿತರಾದರು. ಪ್ರತಿ ವರ್ಷ ಸೊಗಡಿನ ಅವರೆಕಾಯಿ ಬಂದಾಗ ಕೃಷ್ಣಪ್ಪ ಒಂದು ಚೀಲ ಹೊತ್ತು ಬಸ್ಸಿನಲ್ಲಿ ಬರುತ್ತಾರೆ, ಊಟ ಮಾಡಿ, ಹೊರಡುವ ಮುಂಚೆ ತಪ್ಪದೆ ಒಂದು ಮಾತು ಹೇಳುತ್ತಾರೆ: "ಆದ್ರೂ ಮೇಷ್ಟ್ರೇ, ಅವತ್ತಿಂದು ನೋಬಾಲೇ ಕಣ್ರೀ." ಮೇಷ್ಟ್ರು ಮೀಸೆ ತಿರುವಿ, "ಅಂಪೈರ್ ಕೊಟ್ಟನೇನಪ್ಪ?" ಎನ್ನುತ್ತಾರೆ. ಕೃಷ್ಣಪ್ಪ ಬಸ್ಸು ಹಿಡಿಯುತ್ತಾರೆ.

(ನಿಮಗೆ ಮಾತ್ರ ಹೇಳುತ್ತೇನೆ, ಇನ್ನೊಬ್ಬರ ಕಿವಿಗೆ ಬೀಳಬಾರದು. ಅದು ನೋಬಾಲೇ. ಕಾಲು ಗೆರೆ ದಾಟಿ ಒಂದು ಗೇಣು ಮುಂದಕ್ಕೆ ಬಿದ್ದಿತ್ತು. ಯಾವ ಊರಿನಲ್ಲಿ ಮ್ಯಾಚೋ ಆ ಊರಿನವರೇ ಅಂಪೈರ್ ಕೊಡುವುದು ಆಗಿನ ವಾಡಿಕೆ. ಹಾಗಾಗಿ ಅಂದು ಕೋಟು ತೊಟ್ಟು ನಿಂತವನು ಶಾಲೆಯ ಜವಾನ ಲಕ್ಕಯ್ಯ. ಹಿಂದಿನ ದಿನವೇ ಮೇಷ್ಟ್ರು ಅವನಿಗೆ ಒಂದು ಜೊತೆ ಹೊಸ ಕ್ಯಾನ್ವಾಸ್ ಶೂ ಕೊಡಿಸಿ, ಬೌಲರಿನ ಕಾಲು ನೋಡುವುದು ಅಂಪೈರಿನ ಘನತೆಗೆ ತಕ್ಕುದಲ್ಲ ಎಂದು ಬೋಧಿಸಿದ್ದರು. ಲಕ್ಕಯ್ಯ ತೀರಿಕೊಂಡು ಹತ್ತು ವರ್ಷವಾಯಿತು. ಆಮೇಲೆ ಆ ಗುಟ್ಟು ಭೂಮಿಯ ಮೇಲೆ ಒಂದೇ ಹೊಟ್ಟೆಯಲ್ಲಿತ್ತು. ಕೃಷ್ಣಪ್ಪನ ಬೋಳು ಮೇಲ್ತುಟಿ ನೋಡಿದಾಗೆಲ್ಲ ಮೇಷ್ಟ್ರಿಗೆ ಒಳಗೊಳಗೇ ಚುರುಕ್ ಅನ್ನುತ್ತಿದ್ದುದೂ ನಿಜ. ಆಗ ಮೀಸೆಯನ್ನು ಇನ್ನೊಂದು ಸುತ್ತು ತಿರುವುತ್ತಿದ್ದರು, ಸರಿಹೋಗುತ್ತಿತ್ತು.)

ಈಗ ಆಟಕ್ಕೆ ಬರೋಣ. ಕೇದಾರ ಎಷ್ಟು ಗೋಗರೆದರೂ ಮೇಷ್ಟ್ರು ರಿಮೋಟನ್ನು ಮುಟ್ಟಲಿಲ್ಲ. ಅದಕ್ಕೊಂದು ದಾರ ಬೇರೆ, ಕೈ ಜಾರದಂತೆ ಮಣಿಕಟ್ಟಿಗೆ ಕಟ್ಟಿಕೊಳ್ಳಲು. "ಇದೇನೋ ಇದು, ಮದುವೆ ಕಂಕಣವೇ? ಚಂಡನ್ನ ಕೈಗೆ ಕಟ್ಟಿಕೊಂಡು ಆಡೋ ಕಾಲ ಬಂತೇನೋ!" ಎಂದು ಗೇಲಿ ಮಾಡಿದರು. ಕೊನೆಗೆ ಕೇದಾರ, ನೆಲದ ಮೇಲೆ ಕೂತು ನೆನೆಸಿದ ಅವರೆಕಾಳು ಹಿತಕುತ್ತಿದ್ದ ಗೋದಮ್ಮನ ಕೈಗೆ ಕೊಟ್ಟ.

"ಅತ್ತೆ, ನೀವೊಂದು ಬಾಲ್ ಹಾಕಿ."

"ಏಳೋದಕ್ಕಾಗಲ್ಲಪ್ಪ, ಮಂಡಿ ನೋವು."

"ಏಳೋದೇ ಬೇಡ."

ಗೋದಮ್ಮ ಎಡಗೈಯಲ್ಲಿ ಕಾಳು ಹಿತಕುತ್ತಲೇ, ಬಲಗೈಯಲ್ಲಿ ರಿಮೋಟ್ ಹಿಡಿದು, ಒಗ್ಗರಣೆ ಸೌಟನ್ನು ಕೊಡವುವ ಹಾಗೆ ಮಣಿಕಟ್ಟನ್ನು ಒಂದಿಷ್ಟು ಕೊಡವಿದರು. ಟೀವಿಯಲ್ಲಿ ಮೀಸೆಯ ಬೊಂಬೆ ಓಡಿಬಂದು ಬಾಲು ಹಾಕಿತು. ವಿಕೆಟ್ಟು ಹಾರಿತು. ಇನ್ನೊಂದು ಕೊಡವಿದರು, ಇನ್ನೊಂದು ಹಾರಿತು. ಮೂರನೆಯದಕ್ಕೆ ಅವರು ಟೀವಿಯ ಕಡೆ ನೋಡಲೂ ಇಲ್ಲ, ಕಾಳಿನಲ್ಲಿ ಹುಳ ಇದೆಯೇ ಎಂದು ನೋಡುತ್ತಿದ್ದರು. ಅದೂ ಹಾರಿತು. ಪೆಟ್ಟಿಗೆಯೊಳಗಿನ ಜನ ಹೋ ಎಂದು ಕೂಗಿದರು.

"ಹ್ಯಾಟ್ರಿಕ್ ಅತ್ತೆ!"

"ಹಾಗಂದ್ರೆ? ಉಪ್ಪು ಹಾಕ್ಬೇಕೋ ಬೇಡ್ವೋ ಅದಕ್ಕೆ?"

ಜಿಲ್ಲೆಯ ಮಟ್ಟದಲ್ಲಿ ಬಾಲು ಎಸೆದ ಗಂಡಿಗೆ ಇದಕ್ಕಿಂತ ಅವಮಾನ ಬೇಕೆ? ಮೇಷ್ಟ್ರು ಪಂಚೆ ಎತ್ತಿ ಕಟ್ಟಿದರು. "ಕೊಡೇ ಇಲ್ಲಿ. ಅದನ್ನ ಹಾಕೋದು ಹಾಗಲ್ಲ." ನಡುಮನೆಯಿಂದ ಹಿತ್ತಲ ಬಾಗಿಲಿನವರೆಗೆ ಹದಿನಾಲ್ಕು ಹೆಜ್ಜೆ ಅಳೆದರು. ಬಾಗಿಲಿಗೆ ಬೆನ್ನು ಕೊಟ್ಟು, ರಿಮೋಟನ್ನು ಹೊಟ್ಟೆಗೆ ಉಜ್ಜಿ, ಅಡುಗೆಮನೆಯ ಪಕ್ಕದಿಂದ ದಡದಡ ಓಡಿಬಂದು ತೋಳು ತಿರುಗಿಸಿದರು. ಗೂಡಿನಲ್ಲಿದ್ದ ಎಣ್ಣೆ ಕುಡಿಕೆ ಉರುಳಿತು. ಟೀವಿಯಲ್ಲಿ ಬೊಂಬೆ ಬಾಲನ್ನು ತನ್ನ ಕಾಲ ಮೇಲೇ ಹಾಕಿಕೊಂಡಿತು.

"ಮಾವ, ಓಡೋದು ಬೇಡ. ಅದಕ್ಕೆ ಕಾಲು ಕಾಣಿಸಲ್ಲ, ಕೈ ಒಂದೇ ಗೊತ್ತಾಗೋದು."

"ಕಾಲು ಕಾಣಿಸದಿದ್ರೆ ಅದೆಂಥ ಕ್ರಿಕೆಟ್ಟೋ, ಮಂಕುದಿಣ್ಣೆ!" (ಈ ಮಾತನ್ನು ಬೇರೆ ಯಾರು ಬೇಕಾದರೂ ಹೇಳಬಹುದಿತ್ತು.)

"ಅಷ್ಟು ದೂರದಿಂದ ಓಡಿಬರೋ ಬದಲು ನಂದಿನಿ ಹಾಲಾದ್ರೂ ತಂದುಕೊಡಬಹುದಿತ್ತು," ಎಂದರು ಗೋದಮ್ಮ, ಚೆಲ್ಲಿದ ಎಣ್ಣೆ ನೋಡುತ್ತಾ.

ಮೇಷ್ಟ್ರು ಮತ್ತೆ ಓಡಿದರು, ಮತ್ತೆ ಹಾಕಿದರು. ಆರು ಬಾಲಾಯಿತು, ಹನ್ನೆರಡಾಯಿತು. ಬನಿಯನ್ನು ಬೆನ್ನಿಗೆ ಅಂಟಿತು. ಉಗುಳುವುದು ಮರೆತುಹೋಯಿತು. ಹದಿನೈದನೆಯದಕ್ಕೆ ಬೊಂಬೆಯ ಬಾಲು ವಿಕೆಟ್ಟಿಗೆ ತಗುಲಿತು ನೋಡಿ, ಮೇಷ್ಟ್ರು ಎರಡೂ ಕೈ ಎತ್ತಿ ಕುಣಿದ ರಭಸಕ್ಕೆ ಗೋಡೆಯ ಕ್ಯಾಲೆಂಡರ್ ಕೆಳಕ್ಕೆ ಬಿತ್ತು. ಆಟವೆಂಬ ಮಾಯೆಗೆ ಉಗುಳಿದವರೂ ಒಂದೇ, ನಮಸ್ಕರಿಸಿದವರೂ ಒಂದೇ.

ಸರಿಯಾಗಿ ಆ ಹೊತ್ತಿಗೆ ಬಾಗಿಲಲ್ಲಿ ಅವರೆಕಾಯಿ ಚೀಲ ಕಾಣಿಸಿತು, ಅದರ ಹಿಂದೆ ಕೃಷ್ಣಪ್ಪ.

"ಇದ್ಯಾಕ್ ಮೇಷ್ಟ್ರೇ, ಮೈಮ್ಯಾಗೆ ದ್ಯಾವ್ರು ಬಂದಂಗೆ ಕುಣೀತಿದ್ದೀರಿ?"

ಕೇದಾರನಿಗೆ ಎರಡನೆಯ ಗಿರಾಕಿ ಸಿಕ್ಕಂತಾಯಿತು. ಇನ್ನೊಂದು ರಿಮೋಟನ್ನು ಕೃಷ್ಣಪ್ಪನ ಕೈಗೆ ಕಟ್ಟಿ, ಬ್ಯಾಟು ಬೀಸುವ ಬಗೆ ಹೇಳಿಕೊಟ್ಟ. ಕೃಷ್ಣಪ್ಪ ಚಪ್ಪಲಿ ಬಿಟ್ಟು, ಟವೆಲ್ಲನ್ನು ಸೊಂಟಕ್ಕೆ ಬಿಗಿದರು. ಮೂವತ್ತಮೂರು ವರ್ಷದ ಮೇಲೆ ಎದುರುಬದುರು ನಿಂತ ಇಬ್ಬರಿಗೂ ಏನೋ ಆಗಿಬಿಟ್ಟಿತು.

"ಕೊನೇ ಬಾಲು ಅಂತ ತಿಳ್ಕಳಿ," ಎಂದರು ಕೃಷ್ಣಪ್ಪ. "ಎಲ್ಡು ರನ್ನು ಬೇಕು ನಂಗೆ. ಅಂಗೇ ಆಗ್ಲಿ."

"ಇವತ್ತೂ ಮಧ್ಯದ್ದೇ ಕೀಳ್ತೀನಿ."

"ಅವತ್ತಿಂದು ನೋಬಾಲು ಕಣ್ರೀ."

"ಅಂಪೈರ್ ಕೊಟ್ಟನೇನಪ್ಪ?"

ಗೋದಮ್ಮ, "ಎಣ್ಣೆ ಬಿದ್ದಿದೆ, ಜಾರೀತು," ಎಂದದ್ದು ಮೇಷ್ಟ್ರ ಕಿವಿಗೆ ಬೀಳಲಿಲ್ಲ. ಹಿತ್ತಲ ಬಾಗಿಲು ಅವರಿಗೆ ಹೈಸ್ಕೂಲಿನ ಬೇಲಿಯಾಗಿತ್ತು, ನಡುಮನೆ ಪಿಚ್ಚಿನ ಮ್ಯಾಟಾಗಿತ್ತು, ಪೆಟ್ಟಿಗೆಯ ಗದ್ದಲ ಇಡೀ ಊರಿನ ಗದ್ದಲವಾಗಿತ್ತು. ಅರವತ್ತೆರಡರ ಮೊಣಕಾಲು ಇಪ್ಪತ್ತೊಂಬತ್ತಕ್ಕೆ ಇಳಿದಿತ್ತು. ಅವರು ಓಡಿಬಂದರು. ತೋಳು ಸುತ್ತಿ ಬಂತು. ಕೃಷ್ಣಪ್ಪ ಬೀಸಿದರು, ಬೀಸಿದ್ದು ತಪ್ಪಿತು, ಟೀವಿಯಲ್ಲಿ ನಡುವಿನ ವಿಕೆಟ್ಟು ಥಟ್ಟನೆ ಹಾರಿತು! ಮೇಷ್ಟ್ರು ಮುಷ್ಟಿ ಎತ್ತಿ ಕೂಗಬೇಕು, ಅಷ್ಟರಲ್ಲಿ ಪರದೆಯ ಮೂಲೆಯಿಂದ ಕೋಟು ತೊಟ್ಟ ಪುಟ್ಟ ಅಂಪೈರ್ ಬೊಂಬೆ ಮುಂದೆ ಬಂದು ಬಲಗೈಯನ್ನು ಅಡ್ಡಕ್ಕೆ ನೆಟ್ಟಗೆ ಚಾಚಿತು.

ನೋಬಾಲ್. (ಕೈ ಬೀಸುವುದು ಒಂದು ಚೂರು ತಡವಾದರೆ ಹಾಗಾಗುತ್ತದೆಂದು ಕೇದಾರ ಆಮೇಲೆ ಹೇಳಿದ. ಆಮೇಲೆ ಹೇಳಿ ಏನು ಪ್ರಯೋಜನ?)

ಮೇಷ್ಟ್ರ ನೆತ್ತಿಗೆ ರಕ್ತ ಏರಿತು. ಟೀವಿಯ ಮೇಲೇ ನುಗ್ಗಿ, ಅಂಪೈರಿನ ಮುಖಕ್ಕೆ ಬೆರಳು ತೋರಿಸಿ ಅಬ್ಬರಿಸಿದರು:

"ಲೇ ಲಕ್ಕಯ್ಯಾ! ಕೈ ಚಾಚ್ತೀಯೇನೋ, ಉಂಡ ಮನೆಗೆ ದ್ರೋಹ ಬಗೆಯೋನೇ! ಕಾಲು ನೋಡಬೇಡ ಅಂತ ತಾನೇ ಹೊಸ ಕ್ಯಾನ್ವಾಸ್ ಶೂ ಕೊಡಿಸಿದ್ದು ನಿಂಗೆ!"

ಪೆಟ್ಟಿಗೆಯೊಳಗಿನ ಜನ ಮಾತ್ರ ಇನ್ನೂ ಕೂಗುತ್ತಿದ್ದರು. ಕೇದಾರ ಅದರ ಸದ್ದನ್ನು ಕಡಿಮೆ ಮಾಡಿದ. ಗೋದಮ್ಮನ ಬೆರಳಿನ ಮಧ್ಯೆ ಒಂದು ಕಾಳು ಅರ್ಧ ಸಿಪ್ಪೆ ಬಿಟ್ಟು ನಿಂತಿತ್ತು. ಕೃಷ್ಣಪ್ಪ ರಿಮೋಟಿನ ದಾರವನ್ನು ನಿಧಾನವಾಗಿ ಬಿಚ್ಚಿ, ಮೇಲ್ತುಟಿಯನ್ನು ಈ ಕೊನೆಯಿಂದ ಆ ಕೊನೆಯವರೆಗೆ ಸವರಿಕೊಂಡರು.

"ಶೂ ಯಾವ ಬಣ್ಣದ್ದು ಮೇಷ್ಟ್ರೇ?"

"ಬಿಳೀದು," ಎಂದುಬಿಟ್ಟರು ಮೇಷ್ಟ್ರು. ಆಮೇಲೆ ನಾಲಿಗೆ ಕಚ್ಚಿಕೊಂಡರು. "ಅಲ್ಲ, ಕೃಷ್ಣಪ್ಪ, ಇದು ಆಟದ ಭರಾಟೇಲಿ ಬಂದ ಮಾತು. ಆಟದ ಮಾತು ಯಾರಾದ್ರೂ ನಿಜ ಅಂತ ತಿಳೀತಾರಾ? ಈ ದರಿದ್ರ ಡಬ್ಬಿ..."

"ನೋಡಿದ್ರಾ ಮಾವ!" ಕೇದಾರನಿಗೆ ಸಂತೋಷ ತಡೆಯಲಾಗಲಿಲ್ಲ. "ಒಳಕ್ಕೇ ಹೋಗಿಬಿಡ್ತೀರ ಅಂತ ನಾನು ಹೇಳ್ಲಿಲ್ವಾ?"

"ಮೂವತ್ಮೂರು ವರ್ಸ," ಎಂದರು ಕೃಷ್ಣಪ್ಪ. ಸಿಟ್ಟಿರಲಿಲ್ಲ, ಅದೇ ಮೇಷ್ಟ್ರಿಗೆ ಕಷ್ಟವಾಯಿತು. "ದಿನಾ ಬೆಳಗ್ಗೆ ಎದ್ದು ಕೆರಕೊಂಡಿವ್ನಿ. ನಮ್ ಮನೆಯೋಳು ಅನಸೂಯ ನನ್ ಮೀಸೆ ಎಂಗೈತೆ ಅಂತ ಒಂದ್ ದಿನ ಕಂಡೋಳಲ್ಲ. ಓಗ್ಲಿ ಬುಡಿ, ವಯಸ್ಸಾಯ್ತು. ಈಗ ಇದ್ರೇನು, ಓದ್ರೇನು."

ಮೇಷ್ಟ್ರಿಗೆ ನಿಜವಾಗಿಯೂ ನಾಚಿಕೆಯಾಯಿತು. ಆದರೂ, ಗಂಡಾಂತರ ಕಳೆಯಿತು ಎಂದು ಒಂದು ಸಣ್ಣ ಉಸಿರು ಬಿಟ್ಟು, ಅಭ್ಯಾಸಬಲದಿಂದ ಮೀಸೆಗೆ ಕೈ ಹಾಕಿದರು. ಆ ಕೈಯನ್ನು ಗೋದಮ್ಮ ನೋಡಿದರು.

"ಬಿಡಬಾರದು ಕೃಷ್ಣಪ್ಪನೋರೆ," ಎಂದು ಮಂಡಿ ಹಿಡಿದುಕೊಂಡು ಎದ್ದರು. "ಮೋಸದಲ್ಲಿ ಗೆದ್ದದ್ದೂ ಸೋತ ಹಾಗೇ. ಮಾತು ಅಂದ್ರೆ ಮಾತು. ರೀ, ಒಲೆ ಮೇಲೆ ನೀರಿಡ್ತೀನಿ, ಶೇವಿಂಗ್ ಸೆಟ್ಟು ಗೂಡಲ್ಲಿದೆ. ಎಣ್ಣೆ ತುಳೀಬೇಡಿ."

"ಏನೇ ಇದು, ನೀನು ಯಾರ ಕಡೆ?"

"ನಾನು ಅಂಪೈರು. ನಂಗೆ ನೀವು ಶೂ ಕೊಡಿಸಿಲ್ಲವಲ್ಲ."

ಕಾಲು ಗಂಟೆಯ ಮೇಲೆ ಮೇಷ್ಟ್ರು ಹಿತ್ತಲಿನಿಂದ ಒಳಗೆ ಬಂದರು. ಮೇಲ್ತುಟಿಯಲ್ಲಿ ಒಂದು ಕಡೆ ಗಾಯಕ್ಕೆ ಒತ್ತಿದ ಹತ್ತಿ, ಇನ್ನೊಂದು ಕಡೆ ಯಾರೂ ಕಂಡಿರದ ಒಂದು ಮಚ್ಚೆ. ಮದುವೆಯಾಗಿ ಮೂವತ್ತು ವರ್ಷವಾದರೂ ಗೋದಮ್ಮನೂ ಆ ಮಚ್ಚೆ ನೋಡಿದ್ದು ಅಂದೇ. ಯಾರೂ ನಗಲಿಲ್ಲ. ನಗದಿರಲು ಮೂವರೂ ಪಟ್ಟ ಪಾಡು ಮಾತ್ರ ಕಣ್ಣಿಗೆ ಕಾಣುತ್ತಿತ್ತು.

ಟೀವಿಯಲ್ಲಿ ಬೊಂಬೆ ಸೊಂಟದ ಮೇಲೆ ಕೈಯಿಟ್ಟು, ಹುರಿ ಮೀಸೆ ಹೊತ್ತು, ಹಾಗೇ ನಿಂತಿತ್ತು. ಮೇಷ್ಟ್ರು ಅದನ್ನೇ ನೋಡುತ್ತಾ ಕೂತರು. ಬೆಳಿಗ್ಗೆ ದರಿದ್ರವಾಗಿದ್ದ ಮುಖ ಈಗ ಎಷ್ಟು ಲಕ್ಷಣವಾಗಿ ಕಂಡಿತೆಂದರೆ ಕಣ್ಣು ತುಂಬಿಬಂತು.

"ಮಾವ, ಈ ಬೊಂಬೆ ಅಳಿಸಿಬಿಡ್ಲಾ?" ಎಂದ ಕೇದಾರ, ಮೆಲ್ಲಗೆ.

"ಬೇಡ ಕಣೋ. ಅದೊಂದಾದ್ರೂ ಇರ್ಲಿ. ಅದರಲ್ಲೇ ನೋಡ್ಕೊತೀನಿ. ಆ ಡಬ್ಬಿನೂ ಇಲ್ಲೇ ಬಿಟ್ಟು ಹೋಗು."

ಕೃಷ್ಣಪ್ಪ ಗಂಟಲು ಸರಿಮಾಡಿಕೊಂಡರು. "ಬದುಕಿರೋಗಂಟ ಬುಡಬಾರ್ದು ಅಂತ ಅಲ್ವಾ ಮೇಷ್ಟ್ರೇ ನಾವು ಮಾತಾಡಿದ್ದು?"

"ಅದು ಬೊಂಬೆ ಕಣಯ್ಯ!"

"ಬೊಂಬೆ ಅಂತೀರಾ? ಈಗ ತಾನೇ ಅದರೊಳಗೆ ಇದ್ದೋರು ನೀವೇ ಅಲ್ವಾ?"

ಗೋದಮ್ಮ ಅಷ್ಟರಲ್ಲಿ ಮತ್ತೆ ಕಾಳಿನ ಮುಂದೆ ಕೂತಿದ್ದರು. ಎಡಗೈಯಲ್ಲಿ ಅರ್ಧಕ್ಕೆ ನಿಂತಿದ್ದ ಕಾಳನ್ನು ಹಿತಕಿ, ಬಲಗೈಯಲ್ಲಿ ರಿಮೋಟ್ ಎತ್ತಿಕೊಂಡು, ಎಲ್ಲಿ ಒತ್ತಬೇಕೆಂದು ಕೇದಾರನನ್ನು ಕೇಳಿ, ಬೊಂಬೆಯ ಮೀಸೆ ತೆಗೆದರು. ಮಚ್ಚೆ ಇಡುವುದಕ್ಕೂ ಅದರಲ್ಲಿ ಅನುಕೂಲವಿತ್ತು. ಅದನ್ನೂ ಮರೆಯದೆ ಇಟ್ಟರು.