ಕೆಂಪು ಕೈಗವಸು

ಎಲ್ಲ ರಗಳೆಗೂ ಮೂಲ ಒಂದು ಜೊತೆ ಕೆಂಪು ಕೈಗವಸು.

ಜನವರಿಯ ಶನಿವಾರ, ಬೆಳಗ್ಗೆ ಏಳು ಗಂಟೆ. ಹೊರಗೆ ಸೊನ್ನೆಗಿಂತ ಮೂವತ್ತೆರಡು ಡಿಗ್ರಿ ಕೆಳಗೆ. ಕೆನಡಾದ ವಿನಿಪೆಗ್ ಸರೋವರ ದಡದಿಂದ ದಡಕ್ಕೆ ಕಲ್ಲಾಗಿ ಮಲಗಿತ್ತು. ವೃದ್ಧಾಶ್ರಮದ ಅಡುಗೆಮನೆ ಕೆಲಸಕ್ಕೆ ಹೊರಟಿದ್ದ ಹೆಂಡತಿಯನ್ನು ಕಳಿಸಿಕೊಡಲು ಹಾಲ್ಡೋರ್ ಕಾಫಿ ಹಿಡಿದು ಬಾಗಿಲಿಗೆ ಬಂದ. ಕಳಿಸಿಕೊಡುವುದು ಎಂದರೆ ಬರೀ ಕೈಬೀಸುವುದಲ್ಲ, ತಪಾಸಣೆ. ಟೋಪಿ ಕಿವಿ ಮುಚ್ಚಿದೆಯೇ, ಶಾಲು ಮೂಗಿನವರೆಗೆ ಬಂದಿದೆಯೇ, ಕಾಲುಚೀಲ ಎರಡು ಜೊತೆ ಹಾಕಿದ್ದಾಳೆಯೇ. ಆವತ್ತು ತಪಾಸಣೆ ಕೈಗೆ ಬಂದು ನಿಂತಿತು.

"ಇದೆಲ್ಲಿಂದ ಬಂತು?"

"ಯಾವುದು?" ಎಂದಳು ಲಿಗಾಯಾ.

"ಈ ಕೆಂಪಗಿರೋದು."

"ಬಾಗಿಲ ಹತ್ರ ಇಟ್ಟಿದ್ರು. ಯಾರೋ ಏನೋ, ಚೀಟಿ ಗೀಟಿ ಏನೂ ಇರಲಿಲ್ಲ. ಎಷ್ಟು ಬೆಚ್ಚಗಿದೆ ಗೊತ್ತಾ! ನೀನು ಕೊಟ್ಟಿದ್ದೀಯಲ್ಲ ಬ್ಯಾಟರಿ ಗವಸು, ಅದಕ್ಕಿಂತ ಬೆಚ್ಚಗಿದೆ."

ಇಷ್ಟು ಹೇಳಿ ಅವಳು ಹೊರಟುಹೋದಳು. ಹಾಲ್ಡೋರನ ಹೊಟ್ಟೆಗೆ ಯಾರೋ ಒಂದು ಬೊಗಸೆ ಕೆಂಡ ಸುರಿದ ಹಾಗಾಯಿತು.

ಅವನ ಸಂಕಟ ಅರ್ಥವಾಗಬೇಕಾದರೆ ಹಿಂದಿನದು ಸ್ವಲ್ಪ ಹೇಳಬೇಕು. ಲಿಗಾಯಾ ಫಿಲಿಪ್ಪೀನ್ಸಿನ ಇಲೋಯ್ಲೋ ಊರಿನವಳು. ಅಲ್ಲಿ ಚಳಿ ಎಂದರೆ ಫ್ಯಾನು ಒಂದು ಸುತ್ತು ಕಮ್ಮಿ ಮಾಡುವುದು. ಮದುವೆಯಾಗಿ ಬಂದದ್ದು ಕಳೆದ ಏಪ್ರಿಲಿನಲ್ಲಿ. ಅಕ್ಟೋಬರಿನಲ್ಲಿ ಮೊದಲ ಹಿಮ ಉದುರಿದಾಗ ಗಂಡನ ಬೆನ್ನಹಿಂದೆ ಅವಿತು, "ಇನ್ನು ಆರು ತಿಂಗಳು ನೀನೇ ನನ್ನ ಒಲೆ" ಎಂದಿದ್ದಳು. ಪುರಸಭೆಯ ಗುಮಾಸ್ತ ಹಾಲ್ಡೋರನಿಗೆ ನಲವತ್ತೊಂದು ವರ್ಷವಾಗಿತ್ತು. "ಆ ಫೈಲು ಇತ್ಲಾಗೆ ಕೊಡು" ಎನ್ನುವುದಕ್ಕಿಂತ ದೊಡ್ಡ ಮಾತನ್ನು ಅವನಿಗೆ ಯಾರೂ ಆಡಿರಲಿಲ್ಲ. ಪಾಪ, ಆ ಒಂದು ಮಾತಿಗೆ ಉಬ್ಬಿಹೋದ. ಫ್ರಿಜ್ಜಿನ ಮೇಲೆ ಹನ್ನೊಂದು ನಿಯಮಗಳ ಪಟ್ಟಿ ಅಂಟಿಸಿದ. ನಾಲ್ಕನೆಯದು ದಪ್ಪ ಅಕ್ಷರದಲ್ಲಿತ್ತು: 'ಹಿಮದ ಸಲಿಕೆ ಮುಟ್ಟಕೂಡದು. ಅದು ಗಂಡನ ಕೆಲಸ.'

ಗಂಡ ಮಾತ್ರ ಆ ಕೆಲಸ ಮಾಡಲಿಲ್ಲ. ಮಾಡುವ ಪ್ರಮೇಯವೇ ಬರಲಿಲ್ಲ ಅನ್ನಿ. ನವೆಂಬರಿನಿಂದ ಹಿಮ ಬಿದ್ದ ದಿನವೆಲ್ಲ, ಇವನು ಏಳುವ ಹೊತ್ತಿಗೆ ಅಂಗಳ ಬಳಿದಿಟ್ಟ ಹಾಗೆ ಇರುತ್ತಿತ್ತು. ಎದುರುಮನೆಯ ಸಿಗ್ಗಿಯ ಹತ್ತಿರ ಹಿಮ ಎತ್ತುವ ಯಂತ್ರವಿದೆ, ಅವನೇ ಎತ್ತಿರಬೇಕು ಎಂದುಕೊಂಡು ಹಾಲ್ಡೋರ್ ಸುಮ್ಮನಾದ. ಕೇಳಲಿಲ್ಲ. ಆ ಊರಿನಲ್ಲಿ ಕೇಳುವ ಹಾಗೂ ಇಲ್ಲ. ಐಸ್‌ಲ್ಯಾಂಡಿನಿಂದ ಬಂದು ಊರು ಕಟ್ಟಿದ ಅಜ್ಜಂದಿರು ಬಿಟ್ಟುಹೋದ ಸಂಕೋಚ ಅದು: ಉಪಕಾರ ಮಾಡುವವರು ಕತ್ತಲಲ್ಲಿ ಮಾಡಬೇಕು, ಋಣ ತೀರಿಸುವವರು ಬಾಗಿಲಲ್ಲಿ ಏನಾದರೂ ಇಟ್ಟು ಓಡಿಹೋಗಬೇಕು. "ನೀನೇನಾ ಮಾಡಿದ್ದು?" ಎಂದು ಕೇಳಿದರೆ ಇಬ್ಬರಿಗೂ ನಾಚಿಕೆ.

ಈಗ ಹಾಲ್ಡೋರನ ತಲೆಯಲ್ಲಿ ಲೆಕ್ಕ ಕೂಡತೊಡಗಿತು. ಸಿಗ್ಗಿ. ಹೆಂಡತಿ ಬಿಟ್ಟುಹೋಗಿ ಮೂರು ವರ್ಷ. ಎತ್ತರದ ಆಳು, ಜೇನುಬಣ್ಣದ ಮೀಸೆ. ಸುಮ್ಮನೆ ಯಾರಾದರೂ ಎದುರುಮನೆಯವರ ಅಂಗಳದ ಹಿಮ ಎತ್ತುತ್ತಾರೆಯೇ? ಹೋದ ವಾರ ಬಾಗಿಲಲ್ಲಿ ಏಳು ಪದರದ ಕೇಕು ಬಂದಿತ್ತು. ಅದಕ್ಕೆ ಮುಂಚೆ ಒಣಮೀನಿನ ಕಟ್ಟು. ಆಶ್ರಮದ ಮುದುಕರು ಲಿಗಾಯಾಗೆ ಕೊಟ್ಟದ್ದೆಂದು ಇವನು ಎರಡನ್ನೂ ಚಪ್ಪರಿಸಿ ತಿಂದಿದ್ದ. ಥೂ! ಶತ್ರುವಿನ ಕೇಕು ತಿಂದು ಬೆರಳು ನೆಕ್ಕಿದೆನಲ್ಲ ಎಂದು ತನ್ನನ್ನು ತಾನೇ ಬೈದುಕೊಂಡ.

ಕೋಟು ಸಿಕ್ಕಿಸಿಕೊಂಡು ಹೊರಗೆ ಬಂದರೆ ಪಕ್ಕದ ಮನೆಯ ಗುಡ್ರೂನ್ ಅಜ್ಜಿ ಕಿಟಕಿ ತಟ್ಟಿ ಕರೆದಳು. ಎಂಬತ್ತು ದಾಟಿದ ಜೀವ. ನಿದ್ದೆ ಕಡಿಮೆ, ಮಾತು ಜಾಸ್ತಿ.

"ಏನೋ ಹಾಲ್ಡೋರ್, ಮದುವೆ ಆದ್ಮೇಲೆ ಭಾರಿ ರಸಿಕ ಆಗ್ಬಿಟ್ಟಿದ್ದೀಯ ಕಣೋ!"

"ನಾನೇನು ಮಾಡ್ದೆ ಅಜ್ಜಿ?"

"ಆಹಾ, ಏನೂ ಗೊತ್ತಿಲ್ದೋರ ಹಾಗೆ ಆಡ್ತಾನೆ ನೋಡು. ದಿನಾ ಬೆಳಗ್ಗೆ ಐದು ಗಂಟೆಗೆ ಆ ಹುಡುಗಿ ಕಿಲಕಿಲ ನಗೋದು ನನಗೆ ಕೇಳ್ಸಲ್ವಾ? ಮೂಗು ಉದುರಿಹೋಗೋ ಚಳಿ, ಅದರಲ್ಲಿ ಹೊರಗಡೆ ನಿಂತ್ಕೊಂಡು ನಗ್ತಾಳೆ. ಅಂಥದ್ದೇನಪ್ಪ ಹೇಳ್ತೀಯ ಅವಳಿಗೆ?"

ಹಾಲ್ಡೋರನ ಕಿವಿ ನೆಟ್ಟಗಾಯಿತು. "ಹೊರಗಡೆನಾ? ಐದು ಗಂಟೆಗಾ?"

"ಹೂಂ ಮತ್ತೆ! ಮುಖ ಕಾಣಲ್ಲ, ಕತ್ತಲು. ಆದ್ರೆ ಆ ದೊಡ್ಡ ಕೋಟು, ತುಪ್ಪಳದ ಟೋಪಿ ಕಾಣುತ್ತೆ. ಹೋಗ್ಲಿ ಬಿಡು, ನಾನು ಯಾರಿಗೂ ಹೇಳಲ್ಲ. ಹೇಳೋ ವಿಷಯ ಅಲ್ಲ ಅದು," ಎಂದು ಅಜ್ಜಿ ಕಣ್ಣು ಮಿಟುಕಿಸಿದಳು.

ಐದು ಗಂಟೆಗೆ ಹಾಲ್ಡೋರ್ ಗೊರಕೆ ಹೊಡೆಯುತ್ತಿರುತ್ತಾನೆ. ಲಿಗಾಯಾ ಅಷ್ಟು ಬೇಗ ಏಳುತ್ತಾಳೆಂಬುದು ಅವನಿಗೆ ಗೊತ್ತು. ನಮ್ಮೂರಲ್ಲಿ ಆಗ ಸಂಜೆ, ಅಡುಗೆಮನೆಯಲ್ಲಿ ಕೂತು ಅಮ್ಮನ ಜೊತೆ ಫೋನಿನಲ್ಲಿ ಮಾತಾಡುತ್ತೇನೆ ಎಂದಿದ್ದಳು. ಅಮ್ಮನಂತೆ, ಅಮ್ಮ! ಅಮ್ಮನಿಗೆ ಎಲ್ಲಾದರೂ ತುಪ್ಪಳದ ಟೋಪಿ ಇರುತ್ತದೆಯೇ?

ಸಾಕ್ಷಿ ಬೇಕಾಗಿತ್ತು. ಹಾಲ್ಡೋರ್ ರಸ್ತೆ ದಾಟಿ, ಸಿಗ್ಗಿಯ ಮನೆ ಮುಂದಿನ ಹಿಮದ ದಿಬ್ಬದ ಹಿಂದೆ ಮಂಡಿಯೂರಿದ. ಪಕ್ಕದಲ್ಲೇ ಸಿಗ್ಗಿಯ ಯಂತ್ರ ಟಾರ್ಪಾಲು ಹೊದ್ದು, ಅದರ ಮೇಲೆ ಮೊಳದೆತ್ತರದ ಹಿಮ ಹೊತ್ತು ಕೂತಿತ್ತು. ತಿಂಗಳಿಂದ ಅಲುಗದ ಯಂತ್ರ ಎಂದು ಕಣ್ಣಿದ್ದವನಿಗೆ ತಿಳಿಯಬೇಕು. ಹೊಟ್ಟೆಕಿಚ್ಚಿಗೆ ಕಣ್ಣೆಲ್ಲಿ ಬರಬೇಕು? ಹಾಲ್ಡೋರ್ ಕತ್ತು ಚಾಚಿ ಕಿಟಕಿಯೊಳಗೆ ನೋಡಿದ. ಕುರ್ಚಿಯ ಮೇಲೆ ಎರಡು ಹೆಣಿಗೆ ಕಡ್ಡಿ, ಅರ್ಧ ಖರ್ಚಾದ ಕೆಂಪು ಉಣ್ಣೆ ಉಂಡೆ.

"ಅಯ್ಯೋ ಪಾಪಿ! ಕೈಯಾರೆ ಹೆಣೆದಿದ್ದಾನೆ!"

ಅಷ್ಟರಲ್ಲಿ ಬೀದಿಯ ಹಿಮ ತಳ್ಳುವ ಪುರಸಭೆಯ ಲಾರಿ ಬಂತು. ಹಾಲ್ಡೋರ್ ಕೂತಲ್ಲೇ ಕೈಯೆತ್ತಿ ಕೂಗಿದ. ಚಾಲಕನಿಗೆ ಅದು ಕಾಣಿಸಲೂ ಇಲ್ಲ, ಕೇಳಿಸಲೂ ಇಲ್ಲ. ಬೀದಿಯ ಹಿಮವನ್ನೆಲ್ಲ ಒಟ್ಟುಮಾಡಿ, ತನ್ನದೇ ಕಚೇರಿಯ ಗುಮಾಸ್ತನ ಮೇಲೆ ನೀಟಾಗಿ ಸುರಿದು ಲಾರಿ ಮುಂದೆ ಹೋಯಿತು. ಹೊರಗೆ ಉಳಿದದ್ದು ಒಂದು ಕೈ ಮಾತ್ರ. ಆ ಕೈ ಹಿಡಿದು, ಕೆಸುವಿನ ಗಡ್ಡೆ ಕಿತ್ತ ಹಾಗೆ ಕಿತ್ತು ತೆಗೆದವನು ಬೇರೆ ಯಾರೂ ಅಲ್ಲ, ಸಿಗ್ಗಿಯೇ.

ಒಳಗೆ ಕೂರಿಸಿ, ಕಂಬಳಿ ಹೊದಿಸಿ, ಬಿಸಿ ಕಾಫಿ ಕೊಟ್ಟ. ದಿಬ್ಬದ ಹಿಂದೆ ಏನು ಮಾಡುತ್ತಿದ್ದೆ ಎಂದು ಕೇಳಲೂ ಇಲ್ಲ. ಮೀಸೆ ತಿರುವಿ, ನೆಲ ನೋಡಿಕೊಂಡು ಹೇಳಿದ:

"ಹಾಲ್ಡೋರ್, ಕೇಳಬಾರದು. ಆದ್ರೂ ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ಆ ಕೈಗವಸು... ಸರಿಹೋಯ್ತಾ?"

ಹಾಲ್ಡೋರ್ ಕಾಫಿ ಲೋಟ ಕುಕ್ಕಿದ. ಇಷ್ಟು ನಾಚಿಕೆಗೆಟ್ಟವನೂ ಭೂಮಿಯ ಮೇಲೆ ಇದ್ದಾನೆಯೇ? ಗಂಡನನ್ನೇ ಕೇಳುತ್ತಾನಲ್ಲ! "ಬೆಚ್ಚಗಿದೆಯಂತೆ," ಎಂದ ಹಲ್ಲು ಕಚ್ಚಿಕೊಂಡು.

"ಅಳತೆ ಗೊತ್ತಿರಲಿಲ್ಲ, ಅಂದಾಜಿನ ಮೇಲೆ ಹೆಣೆದೆ." ಸಿಗ್ಗಿಯ ಕಣ್ಣು ತುಂಬಿ ಬಂದಿತ್ತು. "ಏನು ಹೇಳ್ಲಿ. ಇಷ್ಟು ವರ್ಷ ನನಗೆ ಅಂತ ಯಾರೂ ಇರಲಿಲ್ಲ. ಈಗ ದಿನಾ ಬೆಳಗ್ಗೆ ಎದ್ದು ನೋಡಿದ್ರೆ ಮನಸ್ಸಿಗೆ ಅದೆಷ್ಟು ಸಮಾಧಾನ ಅಂತೀಯ..."

ಹಾಲ್ಡೋರ್ ಕಂಬಳಿ ಎಸೆದು ಎದ್ದು ಬಂದ. ಕತ್ತು ಹಿಸುಕೋಣವೆಂದರೆ ಕೈಬೆರಳು ಮರಗಟ್ಟಿದ್ದವು. ಇರಲಿ, ಸಂಜೆ ಸಭಾಭವನದಲ್ಲಿ ನಡುಚಳಿಗಾಲದ ಊಟ. ಇಡೀ ಬೀದಿ ಅಲ್ಲಿರುತ್ತದೆ. ಅಲ್ಲೇ ಇವನ ಮರ್ಯಾದೆ ತೆಗೆಯುತ್ತೇನೆ ಎಂದು ಶಪಥ ಮಾಡಿದ. ಮಧ್ಯಾಹ್ನವೆಲ್ಲ ಮನೆಯೊಳಗೆ ಶತಪಥ ಹಾಕಿದ. ಲಿಗಾಯಾ ಸಿಗ್ಗಿಯ ಜೊತೆ ಹೋಗಿಬಿಟ್ಟರೆ? ಫ್ರಿಜ್ಜಿನ ಮೇಲಿನ ಪಟ್ಟಿ ಯಾರಿಗಾಗಿ? 'ನೀನೇ ನನ್ನ ಒಲೆ' ಎಂದವಳು ಇನ್ನೊಂದು ಒಲೆ ನೋಡಿಕೊಂಡಳಲ್ಲ ಎಂದು ಒಂದು ಸಲ ಅತ್ತೂಬಿಟ್ಟ.

ಸಂಜೆ ಸಭಾಭವನ ತುಂಬಿತ್ತು. ಹೊಗೆಯಲ್ಲಿ ಒಣಗಿಸಿದ ಕುರಿಮಾಂಸ, ಬೆಣ್ಣೆ ಹಚ್ಚಿದ ಒಣಮೀನು, ಕಪ್ಪು ರೊಟ್ಟಿ. ಲಿಗಾಯಾ ಕೆಲಸದಿಂದ ನೇರ ಬಂದು ಗಂಡನ ಪಕ್ಕ ಕೂತಳು, ಕೆಂಪು ಕೈಗವಸನ್ನು ಮಗುವಿನ ಹಾಗೆ ಮಡಿಲಲ್ಲಿ ಇಟ್ಟುಕೊಂಡು. ಅದನ್ನು ನೋಡಿ ಹಾಲ್ಡೋರನಿಗೆ ಒಂದು ತುತ್ತೂ ಇಳಿಯಲಿಲ್ಲ. ಊಟ ಮುಗಿಯುವ ಹೊತ್ತಿಗೆ ಬೀದಿಯ ಸಂಘದ ಅಧ್ಯಕ್ಷ ಓಲಿ, ಬಟ್ಟೆ ಮುಚ್ಚಿದ ಏನನ್ನೋ ಹಿಡಿದು ವೇದಿಕೆ ಹತ್ತಿದ.

"ಬಂಧುಗಳೇ, ಪ್ರತಿವರ್ಷದ ಹಾಗೆ ಈ ವರ್ಷವೂ ನಮ್ಮ ಬೀದಿಯ ಒಳ್ಳೆಯ ನೆರೆಯವರು..."

"ನೆರೆಯವರ ವಿಷಯ ನನಗೂ ಒಂದು ಮಾತು ಹೇಳೋದಿದೆ!" ಹಾಲ್ಡೋರ್ ಎದ್ದು ನಿಂತ.

"ಹಾಲ್ಡೋರ್, ಒಂದೇ ಒಂದು ನಿಮಿಷ ಕೂತ್ಕೋ. ನಿನಗೇ ಒಳ್ಳೇದು," ಎಂದ ಓಲಿ.

"ಕೂರಲ್ಲ! ಎಲ್ಲರೂ ಕೇಳಿ. ಈ ಚಳಿಗಾಲದಲ್ಲಿ ನಾನು ಒಂದು ದಿನಾನೂ, ಒಂದೇ ಒಂದು ದಿನಾನೂ, ಸಲಿಕೆ ಮುಟ್ಟಿಲ್ಲ! ಆರೂವರೆಗೆ ಮುಂಚೆ ಹಾಸಿಗೆ ಬಿಟ್ಟು ಎದ್ದಿಲ್ಲ! ಹಾಗಿದ್ಮೇಲೆ ನಾನು ಮಲಗಿರೋವಾಗ ನನ್ನ ಅಂಗಳಕ್ಕೆ ಬಂದು ಹಿಮ ಎತ್ತೋನು ಯಾರು? ಐದು ಗಂಟೆಗೆ ನನ್ನ ಹೆಂಡತೀನ ನಗಿಸೋನು ಯಾರು? ಅವಳಿಗೆ ಕೈಗವಸು ಹೆಣೆದುಕೊಡೋನು ಯಾರು? ಸಿಗ್ಗಿ, ಗಂಡಸಾದ್ರೆ ಎದ್ದು ನಿಲ್ಲೋ!"

ಸಿಗ್ಗಿ ಮೆಲ್ಲಗೆ ಎದ್ದ.

"ಹೆಣೆದಿದ್ದು ನಾನೇ. ಆದ್ರೆ ಅವಳಿಗಲ್ಲ ಮಾರಾಯ, ನಿನಗೆ."

"ನನಗಾ?"

"ನನ್ನ ಯಂತ್ರ ಡಿಸೆಂಬರಲ್ಲೇ ಕೆಟ್ಟು ಕೂತಿದೆ. ದಿನಾ ಎದ್ದು ನೋಡಿದ್ರೆ ಅಂಗಳ ಕ್ಲೀನಾಗಿರೋದು. ನೀನು ಎತ್ತುತ್ತಿದ್ದೀಯ ಅಂತಲ್ವಾ ನಾನು ಎರಡು ವಾರ ಕೂತು ಹೆಣೆದಿದ್ದು?"

"ಹಾಗಾದ್ರೆ ನಮ್ಮನೆ ಮೆಟ್ಟಿಲಿನ ಹಿಮ ಎತ್ತಿದ್ದೂ ನೀನಲ್ವೇನೋ ಹಾಲ್ಡೋರ್?" ಗುಡ್ರೂನ್ ಅಜ್ಜಿ ಊರುಗೋಲು ಕುಟ್ಟಿದಳು. "ಅಯ್ಯೋ, ನನ್ನ ಏಳು ಪದರದ ಕೇಕು!"

ವೇದಿಕೆಯ ಮೇಲೆ ಓಲಿ ಬಟ್ಟೆ ಸರಿಸಿದ. ಒಳಗೆ ಬೆಳ್ಳಿಯ ಬಟ್ಟಲು, ಅದರ ಮೇಲೆ ಚೆಂದದ ಅಕ್ಷರದಲ್ಲಿ 'ಹಾಲ್ಡೋರ್' ಎಂದು ಕೆತ್ತಿತ್ತು.

"ಇಡೀ ಬೀದಿ ನಿನಗೇ ಓಟು ಹಾಕಿತ್ತಲ್ಲೋ," ಎಂದ ಓಲಿ ಅಳುಮುಖ ಮಾಡಿ. "ಒಂದು ನಿಮಿಷ ಕೂತ್ಕೋ ಅಂದೆ. ಕೂತ್ಕೊಂಡ್ಯಾ?"

ಹಾಗಾದರೆ ಎತ್ತುತ್ತಿದ್ದವರು ಯಾರು? ಎಲ್ಲರೂ ಅದನ್ನೇ ಕೇಳುತ್ತಿರುವಾಗ ಲಿಗಾಯಾ ತಪ್ಪು ಮಾಡಿದ ಮಗುವಿನ ಹಾಗೆ ಕೈಯೆತ್ತಿದಳು.

"ನಾನು." ಗಂಡನ ಕಡೆ ತಿರುಗಿದಳು. "ನವೆಂಬರಲ್ಲಿ ಒಂದಿನ ನಿನ್ನ ಗವಸಿನ ಬ್ಯಾಟರಿ ಮುಗಿದೋಯ್ತು. ಗಡಗಡ ನಡುಗ್ತಿದ್ದೆ. ಸುಮ್ನೆ ಸಲಿಕೆ ತಗೊಂಡು ನಾಲ್ಕು ಸಲ ಎತ್ತಿದೆ. ಹತ್ತು ನಿಮಿಷಕ್ಕೆ ಮೈಯೆಲ್ಲಾ ಬೆವರು! ಊರಿಗೆ ಹೋದ ಹಾಗಾಯ್ತು ನನಗೆ. ನಿಮ್ಮಪ್ಪನ ಹಳೇ ಕೋಟು ಹಾಕ್ಕೊಂಡು, ತುಪ್ಪಳದ ಟೋಪಿ ಒಳಗೆ ಫೋನು ಸಿಗಿಸ್ಕೊಂಡು ಅಮ್ಮನ ಹತ್ರ ಮಾತಾಡ್ತಾ ಎತ್ತುತ್ತಿದ್ದೆ. ನಮ್ಮ ಅಂಗಳ ಮುಗೀತಿತ್ತು, ಅಮ್ಮನ ಮಾತು ಮುಗೀತಿರಲಿಲ್ಲ. ಅದಕ್ಕೆ ಅಜ್ಜಿ ಮೆಟ್ಟಿಲು, ಆಮೇಲೆ ಸಿಗ್ಗಿ ಅಂಗಳ..."

"ನನಗ್ಯಾಕೆ ಹೇಳ್ಲಿಲ್ಲ?" ಹಾಲ್ಡೋರನ ದನಿ ಪಾತಾಳದಿಂದ ಬಂತು.

"ನಾಲ್ಕನೇ ನಿಯಮ ಇತ್ತಲ್ಲ. ಮತ್ತೆ ನಿನಗೆ ಬೇಜಾರಾಗುತ್ತೆ ಅಂತ. ನೀನೇ ನನ್ನ ಒಲೆ ಅಂದಿದ್ದೆನಲ್ಲ."

ಇಡೀ ಸಭಾಭವನ 'ಅಯ್ಯೋ' ಎಂದಿತು, ಆಮೇಲೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಬಟ್ಟಲು ಲಿಗಾಯಾಳ ಕೈಗೆ ಹೋಯಿತು. ಹೆಸರು ಉಜ್ಜಿಸಿ ಬೇರೆ ಕೆತ್ತಿಸಿಕೊಡುತ್ತೇನೆ ಎಂದ ಓಲಿ.

"ಬೇಡಪ್ಪ, ಅದೇ ಹೆಸರು ಇರ್ಲಿ," ಎಂದಳು ಗುಡ್ರೂನ್ ಅಜ್ಜಿ. "ಚಳಿಗಾಲ ಮುಗಿಯೋವರೆಗೆ ಇವನೇ ಎತ್ತಿ ಹೆಸರು ಉಳಿಸ್ಕೊಳ್ಳಲಿ. ನನ್ನ ಕೇಕು ತಿಂದಿದ್ದಾನೆ."

ಒಬ್ಬರೂ ಬೇಡ ಎನ್ನಲಿಲ್ಲ. ಆದರೆ ಹಾಲ್ಡೋರನಿಗೆ ಅದಲ್ಲ ನೋವು. ಹೊರಡುವ ಮುಂಚೆ ಸಿಗ್ಗಿ ಜೇಬಿನಿಂದ ಅಳತೆ ಪಟ್ಟಿ ತೆಗೆದು, ಎಲ್ಲರೆದುರು ಲಿಗಾಯಾಳ ಕೈ ಹಿಡಿದು ಬೆರಳು ಬೆರಳೂ ಅಳೆದ. "ಛೆ ಛೆ, ಅದು ಎಷ್ಟು ದೊಡ್ಡದಾಗಿದೆ ನಿಮಗೆ! ಈಗ ಯಾರಿಗೆ ಅಂತ ಗೊತ್ತಾಯ್ತಲ್ಲ, ಈ ಸಲ ಸರಿಯಾಗಿ ಹೆಣೀತೀನಿ. ನೀಲಿ ಇಷ್ಟ ತಾನೆ?" ಎಂದ. ಅವಳು ಕಿಲಕಿಲ ನಕ್ಕಳು.

ಮರುದಿನ ಬೆಳಗ್ಗೆ ಐದು ಗಂಟೆ, ಸೊನ್ನೆಗಿಂತ ಮೂವತ್ತನಾಲ್ಕು ಕೆಳಗೆ. ಅಪ್ಪನ ಕೋಟಿನಲ್ಲಿ ಹಾಲ್ಡೋರ್ ಸಲಿಕೆ ಹಿಡಿದು ನಿಂತಿದ್ದ. ಅಡುಗೆಮನೆಯ ಕಿಟಕಿ ಒಂದಿಷ್ಟೇ ತೆರೆಯಿತು.

"ಮಂಡಿ ಬಗ್ಗಿಸು, ಸೊಂಟ ಅಲ್ಲ!" ಎಂದಳು ಲಿಗಾಯಾ.

"ಲಿಗಾಯಾ, ನಾನಿನ್ನೂ ನಿನ್ನ ಒಲೆ ತಾನೆ?"

"ಅಯ್ಯೋ, ನೀನೇ ಕಣೋ! ಆದ್ರೆ ಒಲೇನ ಬೆಳಗ್ಗೆ ಐದಕ್ಕೇ ಹಚ್ಚಬೇಕು ನೋಡು. ಅಜ್ಜಿ ಮೆಟ್ಟಿಲು ಮರೀಬೇಡ."

ಕಿಟಕಿ ಮುಚ್ಚಿತು. ಎದುರುಮನೆಯಲ್ಲಿ ದೀಪ ಹತ್ತಿತು. ಸಿಗ್ಗಿ ಕುರ್ಚಿ ಎಳೆದುಕೊಂಡು ಕೂತ, ನೀಲಿ ಉಣ್ಣೆ ಬಿಚ್ಚಿದ, ಹೊರಗೆ ನೋಡಿ ಪ್ರೀತಿಯಿಂದ ಕೈಬೀಸಿದ. ಹಾಲ್ಡೋರ್ ಹಲ್ಲು ಕಚ್ಚಿ ಸಲಿಕೆ ಬೀಸಿದ. ಹತ್ತು ನಿಮಿಷವೂ ಆಗಿರಲಿಲ್ಲ, ಅವನ ಮೈಯೆಲ್ಲ ಬೆವೆತುಹೋಯಿತು.